ನಾಲ್ಕನೆಯ ಬೇಡ

ಮಲಕಾಲ್, ಸುಡಾನ್
19 ಆಗಸ್ಟ್ 1961

ಅಣ್ಣ ಶಫೀಕ್‌ಗೆ,

ನಿನ್ನ ಕಾರ್ಖಾನೆಯ ಹೆಸರು ರೇಡಿಯೋದಲ್ಲಿ ಬಂತಂತೆ. ನಾನು ಕೇಳಲಿಲ್ಲ. ಇಲ್ಲಿನ ತೇವಕ್ಕೆ ನಮ್ಮ ರೇಡಿಯೋಗೂ ಶೀತವಾಗಿದೆ, ಕೈರೋ ಹಾಕಿದರೆ ಬರೀ ಕೆಮ್ಮುತ್ತದೆ. ಪಕ್ಕದ ಮನೆಯ ಗುಮಾಸ್ತರ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. "ದೌಲತ್ ಹಾನಂ, ನಿಮ್ಮಣ್ಣನ ಸೋಪಿನ ಕಾರ್ಖಾನೇನ ಸರ್ಕಾರ ತಗೊಂಡ್‌ಬಿಡ್ತಂತಲ್ರೀ!" ಅವಳ ಮುಖದಲ್ಲಿ ಸಂಕಟ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು. "ತಗೊಳ್ಳಲಿ ಬಿಡಮ್ಮ, ಅವನಿಗೂ ಅರವತ್ತಾಯ್ತು, ಇನ್ಮೇಲಾದ್ರೂ ನೆಟ್ಟಗೆ ನಿದ್ದೆ ಮಾಡಲಿ" ಎಂದೆ. ಅವಳು ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತವಳು ಏಳಲೇ ಇಲ್ಲ. ನಮ್ಮನೆಯವರು ಬಂದು ಎಬ್ಬಿಸಬೇಕಾಯಿತು.

ನಿಜವೇನು ಬರೆ. ಬೇ ಎಂಬ ಬಿರುದಿನ ಗತ್ತು ಬಿಟ್ಟು ಬರೆ. ಅತ್ತಿಗೆ ಇದ್ದಿದ್ದರೆ ಅವಳನ್ನೇ ಕೇಳುತ್ತಿದ್ದೆ. ಅವಳು ಹೋದ ಮೇಲೆ ಆ ಮನೆಯಲ್ಲಿ ನಿಜ ಹೇಳುವವರು ಯಾರೂ ಇಲ್ಲ, ಅಡುಗೆಯ ಝನ್ನೂಬಾ ಒಬ್ಬಳನ್ನು ಬಿಟ್ಟರೆ.

ಇಲ್ಲಿ ಎಲ್ಲ ಮಾಮೂಲು. ನೀರಾವರಿ ಇಲಾಖೆಯ ನನ್ನ ಯಜಮಾನರು ರುಷ್ದಿ ಬೆಳಿಗ್ಗೆ ಎದ್ದು ನದಿಯ ನೀರು ಅಳೆಯುತ್ತಾರೆ, ಸಂಜೆ ಮತ್ತೆ ಅಳೆಯುತ್ತಾರೆ, ನಡುವೆ ಸೊಳ್ಳೆ ಹೊಡೆಯುತ್ತಾರೆ. ಒಂದು ಒಳ್ಳೆಯ ಸುದ್ದಿ: ಸಮೀಹಾಳ ಮದುವೆ ಗೊತ್ತಾಗಿದೆ. ಹುಡುಗ ಖಾರ್ತೂಮಿನವನು, ನಮ್ಮ ತಾಂತಾ ಕಡೆಯ ಮಂದಿಯೇ. ಜನವರಿಯಲ್ಲಿ ಇಟ್ಟುಕೊಂಡಿದ್ದೇವೆ. ಸಾಕ್ಷಿಗೆ ಸೋದರಮಾವನೇ ಕೂರಬೇಕೆಂದು ಅವಳ ಹಟ. "ಮಾಮ ಬರದೆ ನಾನು ಹ್ಞೂಂ ಅನ್ನಲ್ಲ" ಎಂದು ಕೂತಿದ್ದಾಳೆ. ಹತ್ತು ವರ್ಷದಿಂದ ಪುರುಸೊತ್ತಿಲ್ಲ ಎನ್ನುತ್ತಿದ್ದೆಯಲ್ಲ, ಈಗ ಸರ್ಕಾರವೇ ಪುರುಸೊತ್ತು ಕೊಟ್ಟಿದೆ. ಬಾ.

ನಿನ್ನ
ದೌಲತ್

*

ಕಫ್ರ್ ಎಲ್ ಝಯ್ಯಾತ್
2 ಅಕ್ಟೋಬರ್ 1961

ಪ್ರೀತಿಯ ದೌಲತ್,

ನಿನ್ನ ಪತ್ರ ತಲುಪಿತು. ಲಕೋಟೆಯ ಅಂಟು ದಾರಿಯಲ್ಲಿ ಬಿಟ್ಟಿತ್ತೆಂದು ಕಾಣುತ್ತದೆ, ಯಾರೋ ಪುಣ್ಯಾತ್ಮರು ಮತ್ತೆ ಅಂಟಿಸಿ ಕಳಿಸಿದ್ದಾರೆ. ಈ ಪತ್ರಕ್ಕೂ ಅದೇ ಉಪಕಾರ ಆಗಬಹುದು. ಅವರಿಗೆ ಮೊದಲೇ ನನ್ನ ಸಲಾಮು.

ನಾನು ಆರಾಮ. ಸರ್ಕಾರ ನನ್ನ ಹೆಗಲಿನಿಂದ ದೊಡ್ಡ ಭಾರ ಇಳಿಸಿದೆ. ಈಗ ನಾನು ಕಾರ್ಖಾನೆಯ ಸಲಹೆಗಾರ. ದಿನವೂ ಹೋಗುತ್ತೇನೆ, ಅದೇ ಕೋಣೆ. ನನ್ನ ಮೇಜಿನಲ್ಲಿ ಹೊಸ ಅಧ್ಯಕ್ಷರು, ಮೇಜರ್ ಫಿಕ್ರಿ, ಕೂರುತ್ತಾರೆ. ನನಗೆ ಬಾಗಿಲ ಹತ್ತಿರ ಬೆತ್ತದ ಕುರ್ಚಿ. ಗಾಳಿ ಚೆನ್ನಾಗಿ ಬರುತ್ತದೆ. ಇನ್ನೂ ಮೂವತ್ತೈದು ದಾಟದ ಹುಡುಗ, ಶಿಸ್ತಿನ ಮನುಷ್ಯ. ಬಂದ ದಿನವೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ಇಲ್ಲಿ ಇನ್ಮೇಲೆ ಬೇ ಇಲ್ಲ, ಪಾಷಾ ಇಲ್ಲ, ಡೊಂಕು ಮಾತಿಲ್ಲ. ಬೇಕಾದ್ರೆ ಬೇಕು ಅನ್ನಿ, ಬೇಡಾದ್ರೆ ಬೇಡ ಅನ್ನಿ" ಎಂದರು. ಗೇಟಿನ ಬಯ್ಯೂಮಿ ನನ್ನನ್ನು ನೋಡಿ ಏಳಲೋ ಬೇಡವೋ ತಿಳಿಯದೆ ಅರ್ಧ ಎದ್ದು ನಿಲ್ಲುತ್ತಾನೆ. ಅವನ ಮೊಣಕಾಲಿನ ಚಿಂತೆ ನನಗೆ.

ಒಂದು ತಮಾಷೆ ಕೇಳು. ಮೇಜರ್ ನನ್ನ ಗೋಡೆಯ ಗಡಿಯಾರ ನೋಡಿ "ಒಳ್ಳೇ ಗಡಿಯಾರ" ಎಂದರು. ನಾನು ರೂಢಿಯಂತೆ, "ನಿಮಗಿಂತ ಹೆಚ್ಚಾ? ನಿಮ್ಮದೇ ಅಂದ್ಕೊಳ್ಳಿ" ಎಂದೆ. "ಆಯ್ತು, ಥ್ಯಾಂಕ್ಸ್" ಎಂದು ಹುಡುಗನೊಬ್ಬನನ್ನು ಕರೆದು ಇಳಿಸಿ ತಮ್ಮ ಹಿಂದಿನ ಗೋಡೆಗೆ ಹಾಕಿಸಿಕೊಂಡರು! ಕಾರನ್ನೂ ಹೀಗೆಯೇ ಹೊಗಳಿದರು. ಈಗ ನಡೆದುಕೊಂಡು ಹೋಗುತ್ತೇನೆ, ಆರೋಗ್ಯಕ್ಕೆ ಒಳ್ಳೆಯದು.

ನನ್ನ ಜೀವನ ಚರಿತ್ರೆ ಬರೆದುಕೊಡಬೇಕಂತೆ, ನಾನು ಹೇಗೆ ದೊಡ್ಡ ಮನುಷ್ಯನಾದೆ ಎಂದು. ಅಪ್ಪನ ಗಾಣದಿಂದ ಶುರುಮಾಡಿದ್ದೇನೆ. ಹತ್ತಿಬೀಜದ ಎಣ್ಣೆ, ಆಮೇಲೆ ಸೋಪಿನ ಕಡಾಯಿ, ಆಮೇಲೆ ಗ್ರೀಕನಿಂದ ಕೊಂಡ ಬಾಯ್ಲರ್, ಯುದ್ಧಕಾಲದಲ್ಲಿ ಹಗಲು ರಾತ್ರಿ ನಡೆದ ಕೆಲಸ. ಬಾಯ್ಲರ್ ತಂದ ದೋಣಿ ಮರಳಿನಲ್ಲಿ ಸಿಕ್ಕಿಕೊಂಡಾಗ ಕಳ್ಳರಿಗೆ ಹೆದರಿ ಅದರ ಹೊಟ್ಟೆಯೊಳಗೇ ಮಲಗಿದ್ದೆನಲ್ಲ, ಅದನ್ನೂ ಬರೆದೆ. ಗಾಣದ ಎತ್ತಿನ ಹೆಸರು ಮರೆತುಹೋಗಿದೆ. ನಿನಗೆ ನೆನಪಿದೆಯೇ?

ಮದುವೆಗೆ ದೇವರು ಇಟ್ಟ ಹಾಗೆ. ಮಗುವಿಗೆ ನನ್ನ ಮುತ್ತು.

ಶಫೀಕ್

*

ಮಲಕಾಲ್
28 ಅಕ್ಟೋಬರ್ 1961

ಅಣ್ಣ,

ಎತ್ತಿನ ಹೆಸರು ಸುಲ್ತಾನ್. ಅಮ್ಮನ ಹಳೆಯ ಕಪ್ಪು ಶಾಲಿನ ಚೂರು ಅದರ ಕಣ್ಣಿಗೆ ಕಟ್ಟುತ್ತಿದ್ದರು. ಇಡೀ ದಿನ ತಾಂತಾಕ್ಕೆ ಹೊರಟಿದ್ದೇನೆಂದು ನಂಬಿ ನಡೆಯುತ್ತಿತ್ತು ಪಾಪ. ಸಂಜೆ ಅಪ್ಪ ಬಟ್ಟೆ ಬಿಚ್ಚಿದಾಗ, ಇನ್ನೂ ಇಲ್ಲೇ ಇದ್ದೇನಾ ಎಂಬಂತೆ ಸುತ್ತ ನೋಡುತ್ತಿತ್ತು. ಇಂಥ ಎತ್ತಿನ ಹೆಸರು ಮರೆತವನು ಚರಿತ್ರೆ ಬರೆಯಲು ಹೊರಟಿದ್ದಾನೆ.

ಗ್ರೀಕನ ಬಾಯ್ಲರಿನ ಕಥೆಯನ್ನು ಹೇಗೆ ಬರೆದಿದ್ದೀಯೆ? ಚೌಕಾಸಿ ಮಾಡಿ ಗೆದ್ದೆ ಎಂದು ತಾನೇ? ಸುಳ್ಳುಗಾರ. ನಾನು ಅಲ್ಲೇ ಇದ್ದೆ. ಅವನು "ತಗೊಳ್ಳಿ" ಎಂದ, ನೀನು ನಾಚಿಕೊಂಡು "ಛೆ, ಬೇಡ" ಎಂದೆ. ಅವನು ಬೆಲೆ ಇಳಿಸಿದ. ನೀನು ಇನ್ನೂ ಕೆಂಪಾಗಿ "ಬೇಡ, ಬೇಡ" ಎಂದೆ. ಅವನು ಮತ್ತೆ ಇಳಿಸಿದ. ಹಡಗು ಹತ್ತುವ ಅವಸರದಲ್ಲಿದ್ದ ಆ ಬಡಪಾಯಿಗೆ ನೀನು ಭಾರಿ ಘಾಟಿ ವ್ಯಾಪಾರಿಯಂತೆ ಕಂಡೆ. ನೀನು ದೊಡ್ಡ ಮನುಷ್ಯನಾದದ್ದು ನಾಚಿಕೆಯಿಂದ, ಅದನ್ನು ಬರೆ.

ತಾಂತಾದ ಅತ್ತೆ ನೆನಪಿದ್ದಾಳಾ? ಮೂರು ಸಲ ಬೇಡ ಎನ್ನದೆ ಯಾರ ಮನೆಯಲ್ಲೂ ಏನೂ ಮುಟ್ಟಬಾರದೆಂದು ಅಮ್ಮ ಹೇಳಿಕೊಟ್ಟಿದ್ದಳು. ಅತ್ತೆ ಬಿಸಿ ಬಸ್ಬೂಸಾ ತಂದಳು, ರವೆ ಇನ್ನೂ ಪಾಕ ಹೀರುತ್ತಿತ್ತು. ನಾನು ಮೊದಲ ಸಲಕ್ಕೇ ಕೈ ಹಾಕಿದೆ, ಮನೆಗೆ ಬಂದು ಏಟು ತಿಂದೆ. ನೀನು ಬೇಡ ಎಂದೆ, ಬೇಡ ಎಂದೆ. ಆ ಮಹಾತಾಯಿ ಎರಡೇ ಸಲ ಕೇಳಿ ತಟ್ಟೆ ಒಳಗೆ ಒಯ್ದಳು! ನೀನು ರೈಲಿನಲ್ಲಿ ಮನೆಯವರೆಗೂ ಅಳುತ್ತ ಬಂದೆ. ನನ್ನ ಬೆರಳು ನೆಕ್ಕಲು ಕೊಟ್ಟಿದ್ದೆ ನಿನಗೆ.

ಇದನ್ನೆಲ್ಲ ಮೇಜರನಿಗೆ ಹೇಳು. ಮತ್ತೆ ಯಾರಾದರೂ ಏನಾದರೂ ಕೊಡುತ್ತೇನೆಂದರೆ ಮೊದಲ ಸಲಕ್ಕೇ ತೆಗೆದುಕೋ.

ಮದುವೆಗೆ ಬರುತ್ತೀಯೋ ಇಲ್ಲವೋ, ಅದೊಂದನ್ನು ನೆಟ್ಟಗೆ ಹೇಳು.

ದೌಲತ್

*

ಕಫ್ರ್ ಎಲ್ ಝಯ್ಯಾತ್
26 ನವೆಂಬರ್ 1961

ಪ್ರೀತಿಯ ದೌಲತ್,

ಸುಲ್ತಾನನ ಹೆಸರನ್ನು ಚರಿತ್ರೆಯಲ್ಲಿ ಸೇರಿಸಿದೆ. ಮೇಜರ್ ಓದಿ, "ಇದ್ಯಾಕೆ ಸುಲ್ತಾನ? ರಾಜರ ಪರವಾ ನೀವು?" ಎಂದರು. "ಇಲ್ಲ ಸಾರ್, ಎತ್ತು" ಎಂದೆ. ಹೊಡೆದುಹಾಕಿದರು.

ನಿನ್ನ ಜಡೆಗೂ ಕತ್ತರಿ ಬಿದ್ದಿದೆ. ನಮ್ಮ 'ಎರಡು ಜಡೆ' ಸೋಪಿನ ಹೊದಿಕೆಯ ಮೇಲೆ ಇನ್ನು ನಿನ್ನ ಚಿಕ್ಕಂದಿನ ಚಿತ್ರ ಇರುವುದಿಲ್ಲ, ಹಲ್ಲುಗಾಲಿಯೂ ಗೋಧಿಯ ತೆನೆಯೂ ಇರುತ್ತವೆ. ಮೂವತ್ತೆರಡು ವರ್ಷ ಈ ದೇಶದ ಬಟ್ಟೆ ಒಗೆದೆಯಲ್ಲ, ವಿಶ್ರಾಂತಿ ತೆಗೆದುಕೋ.

ಮನೆಯ ಕೆಳಗಿನ ಅಂತಸ್ತಿನಲ್ಲಿ ಈಗ ಕಚೇರಿ ಇದೆ. ನಾನೂ ಝನ್ನೂಬಾಳೂ ಮೇಲಿನ ಎರಡು ಕೋಣೆಯಲ್ಲಿದ್ದೇವೆ. ಅಷ್ಟು ದೊಡ್ಡ ಮನೆಯನ್ನು ಗುಡಿಸುವುದೇ ಅವಳಿಗೆ ಕಷ್ಟವಾಗಿತ್ತು. ಸಂಜೆ ಕಾರ್ಖಾನೆಯಿಂದ ಹೊರಡುವಾಗ ಬಯ್ಯೂಮಿ ನನ್ನ ಜೇಬು ತಡವಿ ನೋಡಬೇಕೆಂದು ಆಜ್ಞೆ. ಅವನು ಕಣ್ಣು ಮುಚ್ಚಿಕೊಂಡು ತಡವುತ್ತಾನೆ. ಕಡಾಯಿಯ ವಾಸನೆ ಅಂಗಳದವರೆಗೂ ಬರುತ್ತದೆ, ಹತ್ತಿರ ಹೋಗುವ ಹಾಗಿಲ್ಲ. ಕಣ್ಣಿನ ಬಟ್ಟೆ ಬಿಚ್ಚಿದಾಗ ಸುಲ್ತಾನ ಸುತ್ತ ನೋಡುತ್ತಿದ್ದನೆಂದು ಬರೆದೆಯಲ್ಲ, ಗೇಟು ತೆರೆದಾಗ ಅದು ನೆನಪಾಗುತ್ತದೆ.

ಮೊನ್ನೆ ಮೇಜರ್ ಕಾಫಿ ತರಿಸಿದರು. "ನಿಮ್ಮ ತಂಗಿ ಮಗಳ ಮದುವೆಯಂತೆ ಸುಡಾನ್‌ನಲ್ಲಿ" ಎಂದರು. ನಾನು ಯಾರಿಗೂ ಹೇಳಿರಲಿಲ್ಲ, ನೋಡು ಎಷ್ಟು ಕಾಳಜಿ.

"ಹೋಗ್ತೀರಾ? ದೇಶ ಬಿಡೋಕೆ ಅನುಮತಿ ಬೇಕಲ್ಲ, ನಾನು ಜಾಮೀನು ನಿಲ್ತೀನಿ."

"ಛೆ ಛೆ, ನೀವ್ಯಾಕೆ ತೊಂದರೆ ತಗೋತೀರಿ ಸಾರ್? ನಿಮ್ಮ ನೆರಳಲ್ಲಿ ಆರಾಮಾಗಿದೀನಿ."

"ಹೋಗೋದು ಬೇಡ್ವಾ ಹಾಗಾದ್ರೆ?"

"ನನ್ನಿಂದ ನಿಮಗೆ ಭಾರ ಆಗೋದು ಬೇಡ ಸಾರ್."

"ಸರಿ. ಅದನ್ನೇ ಬರೆದು ಸಹಿ ಹಾಕ್ಕೊಡಿ. ನಾವು ಕೇಳಿದ್ವಿ, ಇವರೇ ಬೇಡ ಅಂದ್ರು ಅಂತ ದಾಖಲೆ ಇರಲಿ."

ಬರೆದುಕೊಟ್ಟೆ. ನನ್ನ ಅಕ್ಷರ ಈಗಲೂ ಚೆನ್ನಾಗಿದೆ ಎಂದರು. ಆದ್ದರಿಂದ ಮದುವೆಗೆ ಬರಲಾಗುವುದಿಲ್ಲ. ನೀನೂ ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳಬೇಡ. ನನಗೇನೂ ಕೊರತೆಯಿಲ್ಲ.

ಶಫೀಕ್

*

ಮಲಕಾಲ್
24 ಡಿಸೆಂಬರ್ 1961

ಅಣ್ಣ,

ಎರಡು ಸಲ ಕೇಳಿದನಾ? ಎರಡೇ ಸಲವಾ? ನಿನ್ನ ಪತ್ರ ಓದಿ ನಾನು ಕೂಗಿದ ಕೂಗಿಗೆ ರುಷ್ದಿ ಹಾವು ಬಂತೆಂದು ಕೋಲು ಹಿಡಿದು ಬಂದರು. ತಾಂತಾದ ತಟ್ಟೆ ಮತ್ತೆ ಒಳಗೆ ಹೋಯಿತಲ್ಲ ಅಣ್ಣ! ಅರವತ್ತು ವರ್ಷದಲ್ಲಿ ನೀನು ಒಂದಕ್ಷರ ಕಲಿಯಲಿಲ್ಲವಾ? ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ ನಿನ್ನನ್ನು ಈಗಲೇ ತಬ್ಬಿಕೊಂಡು ಅಳಬೇಕು ಎನ್ನಿಸುತ್ತಿದೆ.

ಹೋಗು, ಮತ್ತೆ ಅವನ ಮುಂದೆ ನಿಂತು "ನಾನು ಹೋಗಬೇಕು" ಎನ್ನು. ಆಗದಿದ್ದರೆ ಕೂತಿರು, ನಾನೇ ಬರುತ್ತೇನೆ. ಬರುವ ತೊಂದರೆ ಬೇಡ ಎಂದು ನೀನು ಬರೆದರೆ ಅದರ ಅರ್ಥ ನನಗೆ ಗೊತ್ತಿಲ್ಲವಾ? ಒಂದೇ ಮನೆಯಲ್ಲಿ ಬೆಳೆದವರು ನಾವು.

ಮದುವೆಯನ್ನು ರಂಜಾನ್ ಹಬ್ಬದ ಆಚೆಗೆ ಹಾಕಿದ್ದೇವೆ. ಹುಡುಗನ ಕಡೆಯವರಿಗೆ ಏನೋ ಅನಾನುಕೂಲ. ಅದಕ್ಕೆ ಮೊದಲು ಬಂದು ನಿನ್ನನ್ನು ನೋಡಿಕೊಂಡು ಹೋಗುತ್ತೇನೆ.

ಜಡೆ ತೆಗೆದರಂತಾ? ಅಪ್ಪನ ಪಾಲಿನಲ್ಲಿ ನನಗೂ ಕಾರ್ಖಾನೆಯ ಒಂದು ಮೂಲೆ ಇದೆ, ನನ್ನನ್ನು ಕೇಳದೆ ತೆಗೆದರೇ ಎಂದು ನಿನ್ನ ಮೇಜರನನ್ನು ಕೇಳು.

ದೌಲತ್

*

ಕಫ್ರ್ ಎಲ್ ಝಯ್ಯಾತ್
20 ಜನವರಿ 1962

ದೌಲತ್,

ಪತ್ರ ತಲುಪಿತು. ನೀನು ಬರುವುದು ಬೇಡ. ಈಗ ಚಳಿ ಜಾಸ್ತಿ, ಮನೆಯಲ್ಲಿ ಜಾಗವಿಲ್ಲ, ಝನ್ನೂಬಾಳಿಗೆ ಮೈ ಸರಿಯಿಲ್ಲ. ಮದುವೆ ಮನೆ ಬಿಟ್ಟು ಹೆಣ್ಣಿನ ತಾಯಿ ಊರೂರು ತಿರುಗುವುದು ಚೆನ್ನಾಗಿಯೂ ಕಾಣುವುದಿಲ್ಲ. ನನಗೋಸ್ಕರ ಮದುವೆಯನ್ನು ಮುಂದಕ್ಕೆ ಹಾಕುತ್ತಿದ್ದೀರೆಂದು ತೋರುತ್ತದೆ. ಹಾಗೆ ಮಾಡಬೇಡಿ, ನಾನು ಬರುವುದಿಲ್ಲ.

ಇದನ್ನು ಮಾತಿಗೆ ಹೇಳುತ್ತಿಲ್ಲ. ನಿಜವಾಗಿ ಬೇಡ.

ಶಫೀಕ್

*

ಮಲಕಾಲ್
15 ಫೆಬ್ರವರಿ 1962

ಅಣ್ಣ,

ಎರಡನೆಯ ಬೇಡ ತಲುಪಿತು. ಇನ್ನೊಂದು ಬಾಕಿ ಇದೆ, ಅದನ್ನೂ ಹೇಳಿ ಮುಗಿಸು.

ಝನ್ನೂಬಾಳಿಗೆ ಮೈ ಸರಿಯಿಲ್ಲದಿದ್ದರೆ ನಾನೇ ಬಂದು ಸೋಸಿ ಬೇಯಿಸಿ ಹಾಕುತ್ತೇನೆ. ಜಾಗವಿಲ್ಲದಿದ್ದರೆ ಬಾಯ್ಲರಿನೊಳಗೆ ಮಲಗುತ್ತೇನೆ, ನಮ್ಮ ಮನೆತನಕ್ಕೆ ಅಭ್ಯಾಸವಿದೆ. ಉಪವಾಸದ ತಿಂಗಳಾದ್ದರಿಂದ ಈಗ ಹೊರಡುವುದಿಲ್ಲ, ಹಬ್ಬ ಕಳೆದ ಮೇಲೆ. ಪೆಟ್ಟಿಗೆ ಆಗಲೇ ಇಳಿಸಿದ್ದೇನೆ. ಒಣ ಬೆಂಡೆಕಾಯಿ ಪುಡಿ, ಕಡಲೆಕಾಯಿ, ನಿನಗೊಂದು ಉಣ್ಣೆಯ ಅಂಗಿ.

ನೀರು ಅಳೆಯುವಾಗ ರುಷ್ದಿಯನ್ನು ಕೇಳಿದೆ, ಇಲ್ಲಿಂದ ಹೊರಟ ನೀರು ನಿಮ್ಮ ಊರು ಮುಟ್ಟುವುದು ಯಾವಾಗ ಎಂದು. ಅವರು ಕಾಗದ ಪೆನ್ಸಿಲು ತೆಗೆದರು, ನಾನು ಎದ್ದು ಬಂದೆ. ನದಿಗೆ ಯಾರ ಅನುಮತಿಯೂ ಬೇಕಾಗಿಲ್ಲ, ಅಷ್ಟು ಗೊತ್ತಾದರೆ ನನಗೆ ಸಾಕು.

ನನಗೂ ನಿನ್ನ ಹತ್ತಿರ ಹೇಳಿಕೊಳ್ಳುವುದು ಇದೆ ಅಣ್ಣ. ಪತ್ರದಲ್ಲಿ ಆಗುವುದಿಲ್ಲ.

ದೌಲತ್

*

ಕಫ್ರ್ ಎಲ್ ಝಯ್ಯಾತ್
10 ಮಾರ್ಚ್ 1962

ದೌಲತ್,

ನಿನಗೆ ಒಂದು ಮಾತು ಒಂದು ಸಲಕ್ಕೆ ತಿಳಿಯುವುದಿಲ್ಲವೇ? ಬರಬೇಡ ಎಂದರೆ ಬರಬೇಡ. ಚಿಕ್ಕಂದಿನಿಂದಲೂ ನಿನ್ನದು ಇದೇ ಬುದ್ಧಿ: ಕರೆಯದ ಕಡೆ ನುಗ್ಗುವುದು, ಕೊಡುವ ಮುಂಚೆ ಕೈ ಹಾಕುವುದು. ಅಮ್ಮ ಹೊಡೆದದ್ದು ಸಾಲದಾಯಿತು. ನಿನ್ನ ಅಳು, ನಿನ್ನ ಗಲಾಟೆ, ನಿನ್ನ ಒಣ ಬೆಂಡೆಕಾಯಿ ಯಾವುದೂ ನನಗೆ ಬೇಕಾಗಿಲ್ಲ. ನೀನು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.

ನನಗೆ ತಂಗಿ ಇಲ್ಲ ಎಂದುಕೊಂಡಿದ್ದೇನೆ. ನೀನೂ ಹಾಗೆಯೇ ಅಂದುಕೋ.

ಶಫೀಕ್

ಹಡಗಿನ ಅಟ್ಟದ ಮೇಲೆ ಬೆಳಗಿನ ಜಾವ ಕೂರಬೇಡ, ನಿನ್ನ ಎದೆಗೆ ಆಗುವುದಿಲ್ಲ.

*

ಮಲಕಾಲ್
27 ಮಾರ್ಚ್ 1962

ಅಣ್ಣ,

ಮೂರನೆಯದೂ ತಲುಪಿತು. ಓದಿ ಹೆದರಿದೆ. ಬೈಗುಳಕ್ಕಲ್ಲ. ನೀನು ಹುಟ್ಟಿದಾಗಿನಿಂದ ಬೆಕ್ಕಿಗೂ ಗದರಿದವನಲ್ಲ. ಒಂದೋ ನಿನಗೆ ಜ್ವರ ತಲೆಗೇರಿದೆ, ಇಲ್ಲವೇ ಯಾರೋ ಪಕ್ಕದಲ್ಲಿ ನಿಂತು ಬರೆಸಿದ್ದಾರೆ. ಕೊನೆಗೆ ಎದೆಯ ವಿಚಾರ ಬರೆದವನು ಮಾತ್ರ ನೀನೇ.

ನಾಳೆ ಹೊರಡುತ್ತೇನೆ. ಕೋಸ್ತಿಯವರೆಗೆ ದೋಣಿ, ಅಲ್ಲಿಂದ ರೈಲು, ಖಾರ್ತೂಮಿನಲ್ಲಿ ರುಷ್ದಿಯ ಅಕ್ಕನ ಮನೆಯಲ್ಲಿ ಒಂದು ವಾರ, ಆಮೇಲೆ ಹಲ್ಫಾ. ಹನ್ನೆರಡನೆಯ ತಾರೀಖಿನ ಹಡಗು ಹತ್ತುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತೇನೆ, ನನ್ನ ಗಂಟಲು ನಿನಗೆ ಗೊತ್ತಲ್ಲ.

ದೌಲತ್

*

(ಸಾಲಿಹೀನ್ ಕೈಯಲ್ಲಿ)
ಕಫ್ರ್ ಎಲ್ ಝಯ್ಯಾತ್
7 ಏಪ್ರಿಲ್ 1962

ನನ್ನ ದೌಲತ್,

ಇದನ್ನು ಕೊಡುವವನು ಝನ್ನೂಬಾಳ ಅಳಿಯ ಸಾಲಿಹೀನ್. ಹಲ್ಫಾ ಹಡಗಿನಲ್ಲಿ ಊಟ ಬಡಿಸುವ ಕೆಲಸ, ರಜೆಗೆ ಬಂದಿದ್ದ. ಎದೆಗೆ ಕಟ್ಟಿಕೊಂಡು ಒಯ್ಯುತ್ತೇನೆ ಎಂದಿದ್ದಾನೆ. ಇದನ್ನು ಯಾರೂ ಬಿಚ್ಚಿರುವುದಿಲ್ಲ. ಅದಕ್ಕೇ ಈಗ ನಿಜ ಬರೆಯುತ್ತೇನೆ.

ಹಡಗು ಹತ್ತಬೇಡ.

ಡಿಸೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ಮೇಜರ್ ನನ್ನ ಕಡೆ ಬೆನ್ನು ಮಾಡಿ, ಗಡಿಯಾರಕ್ಕೆ ಕೀಲಿ ಕೊಡುತ್ತ, "ನಿಮ್ಮ ತಂಗಿ ಹೆಸರೂ ಪಟ್ಟೀಲಿ ಬಂದಿದೆ. ಅಪ್ಪನ ಪಾಲು ಇದೆಯಲ್ಲ, ಅದಕ್ಕೆ. ನಮ್ಮ ಕಡೆ ಶಲ್ಲಾಲ್ ಹಡಗುಕಟ್ಟೇಲಿ ಕಾಲಿಟ್ರೆ ಪಾಸ್‌ಪೋರ್ಟ್ ತಗೋತಾರೆ, ಆಮೇಲೆ ಗಂಡನ ಹತ್ರ ವಾಪಸ್ ಹೋಗೋದು ಮರೆತುಬಿಡಲಿ. ನಾನು ಹೇಳಿದೆ ಅಂತ ಎಲ್ಲೂ ಬರೀಬೇಡಿ, ನನಗೆ ಮಕ್ಕಳಿದಾರೆ" ಎಂದರು. ಅಂಚೆಯಲ್ಲಿ ಇದನ್ನು ಬರೆದರೆ ಮೊದಲು ಅವರೇ ಓದಬೇಕಾಗುತ್ತದೆ, ಆಮೇಲೆ ಅವರ ಮೇಲಿನವರು. ಬರೆಯಲಿಲ್ಲ. ಬರಬೇಡ ಎಂದಷ್ಟೇ ಬರೆದೆ, ಮತ್ತೆ ಬರೆದೆ, ಬೈದು ಬರೆದೆ. ಬೈದ ಪತ್ರ ಹಾಕಿ ಬಂದ ದಿನ ಊಟ ಇಳಿಯಲಿಲ್ಲ. ಝನ್ನೂಬಾ "ಯಾರ್ ಸತ್ರು?" ಎಂದು ಕೇಳಿದಳು.

ನವೆಂಬರಿನ ಮೊದಲನೆಯ ಬೇಡ ಇದೆಯಲ್ಲ, ಅದು ಸುಳ್ಳು. ಆಗ ನನಗೆ ಏನೂ ಗೊತ್ತಿರಲಿಲ್ಲ. ನೀನು ಅದನ್ನು ತಳ್ಳಿಹಾಕಿ ಬಂದೇ ಬರುತ್ತೀಯೆಂದು ಆಸೆಪಟ್ಟೇ ಬರೆದೆ. ನೀನು ಸರಿಯಾಗಿಯೇ ಓದಿದೆ. ಆಮೇಲಿನ ಎರಡು ನಿಜ, ಅವನ್ನೂ ಹಾಗೆಯೇ ಓದಿದೆ. ತಪ್ಪು ನಿನ್ನದಲ್ಲ. ನಾನು ಚಿಕ್ಕಂದಿನಿಂದ ಬೇಡ ಎಂಬ ಮಾತನ್ನು ಸುಮ್ಮಸುಮ್ಮನೆ ಖರ್ಚು ಮಾಡಿದೆ, ಬೇಕಾದಾಗ ನನ್ನ ಹತ್ತಿರ ಒಂದೂ ಉಳಿದಿರಲಿಲ್ಲ.

ನೀನು ಹೇಳಿದ ಹಾಗೆ ಜನವರಿಯಲ್ಲಿ ಮೇಜರ್ ಮುಂದೆ ಹೋಗಿ ನಿಂತೆ. ಕುರ್ಚಿಯಿಂದ ಅವರ ಮೇಜಿನವರೆಗೆ ನಾಲ್ಕು ಹೆಜ್ಜೆಯೂ ಇಲ್ಲ, ಎರಡು ಸಲ ಎದ್ದು ಎರಡು ಸಲ ಕೂತಿದ್ದೆ.

"ಆವತ್ತು ಬೇಡ ಅಂದದ್ದು ಮಾತಿಗೆ ಸಾರ್. ನಾನು ಹೋಗಬೇಕು."

"ಮಾತಿಗಾ?" ಅವರು ಪೆನ್ನು ಕೆಳಗಿಟ್ಟರು. "ನಮ್ಮಮ್ಮ ಮಿನೂಫಿಯಾದ ಹಳ್ಳಿಯವಳು. ಅವಳ ಮನೇಲಾಗಿದ್ರೆ ನಾನೂ ಇನ್ನೊಂದ್ಸಲ ಕೇಳ್ತಿದ್ದೆ. ನೀವು ಬೇ. ಬೇಕು ಬೇಕು ಅಂತ ಕೇಳ್ಕೊಂಡೇ ಇಷ್ಟೆಲ್ಲ ಕಟ್ಕೊಂಡವರು ಅಂದ್ಕೊಂಡಿದ್ದೆ. ನಾಚಿಕೆ ಬಡವರ ಮನೆ ಸಾಮಾನು ಅಂತ ತಿಳ್ಕೊಂಡಿದ್ದೆ."

"ಈಗೇನಾದ್ರೂ..."

"ಈಗ ಆ ಕಾಗದ ಕೈರೋಲಿದೆ. ನಿಮ್ಮ ಅಕ್ಷರ, ನಿಮ್ಮ ಸಹಿ. ನನ್ನ ಕೈಲಿಲ್ಲ." ಆಮೇಲೆ ಮೇಲೆ ನೋಡಿ, "ಗಡಿಯಾರಾನೂ ಮಾತಿಗೇ ಕೊಟ್ಟಿದ್ದಾ?" ಎಂದರು.

"ಛೆ ಛೆ, ಅದು ನಿಮ್ಮದೇ" ಎಂದೆ. ಇಷ್ಟಾದರೂ ಬಾಯಿಂದ ಅದೇ ಬಂತು ನೋಡು.

ನಾನು ಇಲ್ಲೇ ಇರುತ್ತೇನೆ ದೌಲತ್. ಕಣ್ಣಿಗೆ ಬಟ್ಟೆಯಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ನೀನೂ ಇದರೊಳಗೆ ಬಂದು ಸಿಕ್ಕಿಕೊಂಡರೆ ಸಹಿಸಲಾರೆ. ನಿನಗೆ ಗಂಡ ಇದ್ದಾನೆ, ಮಗಳಿದ್ದಾಳೆ, ಮದುವೆ ಇದೆ. ಮೂರು ಸಲ ಬೇಡ ಎಂದಾಯಿತು. ಇದು ನಾಲ್ಕನೆಯದು. ನಮ್ಮ ಮನೆಯಲ್ಲಿ ನಾಲ್ಕನೆಯ ಬೇಡ ಎಂಬುದು ಇಲ್ಲವೇ ಇಲ್ಲ, ಅಮ್ಮ ಹೇಳಿಕೊಟ್ಟಿಲ್ಲ. ಇದನ್ನು ಹೇಗೆ ಓದಬೇಕೆಂದು ನಿನಗೆ ತಿಳಿಯುತ್ತದೆ. ತಿರುಗಿ ಹೋಗು.

ಶಫೀಕ್

*

(ಸಾಲಿಹೀನ್ ಕೈಯಲ್ಲಿ)
ವಾದಿ ಹಲ್ಫಾ
12 ಏಪ್ರಿಲ್ 1962

ಅಣ್ಣ,

ಹಡಗು ಇನ್ನೂ ಕಟ್ಟೆಯಲ್ಲೇ ಇದೆ. ನನ್ನ ಪೆಟ್ಟಿಗೆ ಒಳಗೆ ಹೋಗಿತ್ತು, ಈ ಹುಡುಗ ಹೋಗಿ ಇಳಿಸಿಕೊಂಡು ಬಂದ. ಹಲಗೆಯ ಮೇಲೆ ಒಂದು ಕಾಲು ಇಟ್ಟಾಗಿತ್ತು ನಾನು. "ದೌಲತ್ ಹಾನಂ ನೀವೇನಾ? ಸ್ವಲ್ಪ ಇಳೀರಿ, ಓದಿ ಹತ್ತಿ" ಎಂದು ಅಂಗಿಯೊಳಗೆ ಕೈ ಹಾಕಿದ. ಪತ್ರ ಅವನ ಬೆವರಿಗೆ ಮೆತ್ತಗಾಗಿತ್ತು. ನಿಂತೇ ಓದಿದೆ. ಮತ್ತೆ ಹತ್ತಲಿಲ್ಲ.

ಹೆದರಬೇಡ, ತಿರುಗಿ ಹೋಗುತ್ತೇನೆ. ಸಂಜೆಗೆ ಖಾರ್ತೂಮಿನ ರೈಲಿದೆ.

ಈಗ ನನ್ನದು ಕೇಳು. ಮದುವೆ ಇಲ್ಲ. ಡಿಸೆಂಬರಿನಲ್ಲೇ ಮುರಿದುಹೋಯಿತು. ಹುಡುಗನ ತಂದೆಗೆ ಕೈರೋದಲ್ಲಿ ವ್ಯವಹಾರವಿದೆಯಂತೆ, ಸರ್ಕಾರದ ಕೆಂಗಣ್ಣಿಗೆ ಬಿದ್ದವರ ಮನೆಯ ಹೆಣ್ಣು ಬೇಡವೆಂದರು. ಅವರದು ಒಂದೇ ಸಲದ ಬೇಡ, ನಿಜವಾದದ್ದು. ನಿನಗೆ ಹೇಗೆ ಬರೆಯಲಿ? ನಿನ್ನಿಂದಾಗಿ ಎಂದು ನೀನು ಎದೆ ಬಡಿದುಕೊಳ್ಳುತ್ತೀಯೆ ಎಂದು ಹಬ್ಬದ ಆಚೆಗೆ ಹಾಕಿದ್ದೇವೆಂದು ಸುಳ್ಳು ಬರೆದೆ. ಸಮೀಹಾ ಮಾತು ಬಿಟ್ಟಿದ್ದಾಳೆ. ಮೊದಲ ಸಲಕ್ಕೇ ಕೈ ಹಾಕುವವಳು ನಾನು ಎಂದು ಜಂಬ ಕೊಚ್ಚಿಕೊಂಡೆನಲ್ಲ, ನನಗೂ ನಿಜ ಹೇಳಲು ಬಾಯಿ ಬರಲಿಲ್ಲ. ನಿನ್ನನ್ನು ನೋಡಿಕೊಳ್ಳಲು ಬರುತ್ತೇನೆಂದು ಬರೆದೆ. ನಿಜಕ್ಕೂ ನಿನ್ನ ಹೆಗಲ ಮೇಲೆ ತಲೆಯಿಟ್ಟು ಅಳಲು ಹೊರಟಿದ್ದೆ ಅಣ್ಣ. ಅಳುವುದಕ್ಕೆ ನನಗೆ ಬೇರೆ ಜಾಗ ಇಲ್ಲ.

ಇಲ್ಲೇ ಅಳುತ್ತಿದ್ದೇನೆ, ಪೆಟ್ಟಿಗೆಯ ಮೇಲೆ ಕೂತು. ಹಮಾಲಿಗಳು ಸುತ್ತಿ ಹಾದುಹೋಗುತ್ತಿದ್ದಾರೆ. ಒಬ್ಬ ಮುದುಕಿ ಬಂದು, "ಯಾರಮ್ಮ, ಹೋದವರು?" ಎಂದು ಕೇಳಿದಳು. "ಇದಾರೆ, ಆದ್ರೆ ಸಿಗಲ್ಲ" ಎಂದೆ. ಪಕ್ಕದಲ್ಲೇ ಕೂತುಕೊಂಡಳು.

ಖಾರ್ತೂಮಿನಲ್ಲಿ ಬಸ್ಬೂಸಾ ಮಾಡಿ ತಂದಿದ್ದೆ. ರೈಲಿನಲ್ಲಿ ಒಂದು ಕಡೆ ಮುರಿದಿದೆ. ಸಾಲಿಹೀನನ ಕೈಯಲ್ಲಿ ಕಳಿಸುತ್ತೇನೆ, ಉಣ್ಣೆಯ ಅಂಗಿಯ ಜೊತೆ. ಅವನಿಗೆ ಹೇಳಿದ್ದೇನೆ, "ಬೇಡ ಅಂತಾರೆ, ಕೇಳ್ಬೇಡ, ಬಾಯಿಗೇ ಇಡು" ಎಂದು.

ಹಡಗು ಕೂಗುತ್ತಿದೆ. ಅದು ಹೋಗುವವರೆಗೂ ನೋಡುತ್ತಿರುತ್ತೇನೆ.

ದೌಲತ್

*

(ಸಾಲಿಹೀನ್ ಕೈಯಲ್ಲಿ)
ಕಫ್ರ್ ಎಲ್ ಝಯ್ಯಾತ್
3 ಮೇ 1962

ದೌಲತ್,

ಸಾಲಿಹೀನ್ ಬಂದ. ಡಬ್ಬಿಯ ಮುಚ್ಚಳ ತೆಗೆದು, "ತಗೊಳ್ಳಿ ಬೇ" ಎನ್ನುತ್ತಿದ್ದ ಹಾಗೆಯೇ ಕೈ ಚಾಚಿದೆ. ಅವನು ಬಾಯಿಗಿಡಲು ಸಿದ್ಧನಾಗಿ ಬಂದಿದ್ದನೋ ಏನೋ, ತಬ್ಬಿಬ್ಬಾದ. ಮುರಿದ ಕಡೆಯಿಂದಲೇ ತಿಂದೆ. ಸಿಹಿ ಸ್ವಲ್ಪ ಹೆಚ್ಚಾಗಿದೆ. ಬೆರಳನ್ನೂ ನೆಕ್ಕಿದೆ, ಈ ಸಲ ನನ್ನದೇ.

ಸಮೀಹಾಳ ವಿಷಯ ಓದಿ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ. ಮಾಮ ಕೇಳಿದನೆಂದು ಹೇಳು. ಅವಳು ಮಾತಾಡದಿದ್ದರೂ ಹೇಳುತ್ತಿರು.

ಒಂದು ತುಂಡನ್ನು ಮೇಜರ್‌ಗೆ ಒಯ್ದಿದ್ದೆ. ಬೇಡ ಎಂದರು. ಇನ್ನೊಮ್ಮೆ ಕೇಳಿದೆ, ಬೇಡ ಎಂದರು. ಮೂರನೆಯ ಸಲ ಕೇಳಿದೆ. ಗೋಡೆಯ ಕಡೆ ತಿರುಗಿ ನಿಂತು ತಿಂದರು. ಸಂಜೆ ನಾನು ಹೊರಡುವಾಗ ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿ, "ಬರೀರಿ. ಆಗುತ್ತೆ ಅಂತ ಹೇಳಲ್ಲ" ಎಂದರು.

ಅಷ್ಟು ದೊಡ್ಡ ಹಾಳೆಯ ಮೇಲೆ ಒಂದೇ ಸಾಲು ಬರೆದೆ: ನಾನು ನನ್ನ ತಂಗಿಯ ಹತ್ತಿರ ಹೋಗಬೇಕು. ಕೈರೋಗೆ ಹೋಗಿದೆ. ಉತ್ತರ ಬಂದಿಲ್ಲ. ಮುಂದಿನ ತಿಂಗಳು ಮತ್ತೆ ಬರೆಯುತ್ತೇನೆ, ಅದರ ಮುಂದಿನ ತಿಂಗಳೂ. ಬೇಡ ಎಂದು ಎಷ್ಟು ಸಲ ಹೇಳಬೇಕೆಂದು ಅಮ್ಮ ಕಲಿಸಿದ್ದಳು. ಬೇಕು ಎಂದು ಎಷ್ಟು ಸಲ ಹೇಳಬೇಕು, ಅದನ್ನು ಕಲಿಸಲಿಲ್ಲ.

ಶಫೀಕ್